ಒಂದು ಇಂಚು ಹತ್ತು ಸೆಂಟು

ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ ಈಗ ನನಗೆ ಮಾಡಲು ಏನೂ ಕೆಲಸವಿಲ್ಲ. ಕಾಫಿ ಕುಡಿಯುತ್ತೇನೆ. ಪೇಪರ್ ಬಂದಿದ್ದರೆ ಓದುತ್ತೇನೆ, ಬಂದಿಲ್ಲದಿದ್ದರೆ ಪೇಪರಿನವನನ್ನು ಬೈಯುತ್ತೇನೆ. ಕೆಲವು ವರ್ಷಗಳ ಹಿಂದೆ, ಒಂದೇ ಒಂದು ಬೇಸಿಗೆಯಲ್ಲಿ, ಇದೇ ಹೊತ್ತಿನಲ್ಲಿ ನನಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪೆನ್ನು, ಎದುರಿಗೆ ಗೆರೆ ಹಾಕಿದ ಹಾಳೆ. ದಕ್ಷಿಣ ಕೊಡಗಿನ ಮೂವತ್ತು ಮನೆಗಳಲ್ಲಿ ಹಿಂದಿನ ದಿನ ಬಿದ್ದ ಮಳೆ ನನ್ನ ಕಿವಿಗೆ ಬಂದು ಆ ಹಾಳೆಯ ಮೇಲೆ ಕೂರುತ್ತಿತ್ತು. ಆ ಬೆಳಗುಗಳು ನೆನಪಾದರೆ ಈಗಲೂ ಕೈ ಫೋನಿನ ಕಡೆ ಹೋಗುತ್ತದೆ.

ನಮ್ಮ ಕಡೆ ಕಾಫಿ ತೋಟವಿದ್ದವರ ಅಂಗಳದಲ್ಲಿ ಮಳೆ ಅಳೆಯುವ ಒಂದು ರೈನ್‌ಗೇಜು ಇರುತ್ತದೆ. ಸರ್ಕಾರ ಮಿಲಿಮೀಟರ್ ಎನ್ನಲಿ, ಮತ್ತೊಂದು ಎನ್ನಲಿ, ನಮ್ಮ ಬಾಯಲ್ಲಿ ಮಳೆ ಎಂದರೆ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಎದ್ದು ಅಳೆದ ಮೇಲೆ ಸುಮ್ಮನೆ ಕೂರಲಾಗುವುದಿಲ್ಲ. ನೆಂಟರಿಗೋ ಪಕ್ಕದ ತೋಟದವರಿಗೋ ಫೋನು ಮಾಡಿ ‘ನಿಮ್ಮಲ್ಲಿ ಎಷ್ಟು?’ ಎಂದು ಕೇಳಲೇಬೇಕು. ಅವರದ್ದು ಕಡಿಮೆಯಿದ್ದರೆ ‘ಅಯ್ಯೋ ಪಾಪ’ ಎಂದು ಸಂತೋಷದಿಂದ ಫೋನಿಡಬೇಕು.

ಆದರೆ ಫೆಬ್ರವರಿ, ಮಾರ್ಚಿನ ಮಳೆ ತಮಾಷೆಯಲ್ಲ. ಅದು ಹೂಮಳೆ. ಮೊಗ್ಗು ಕಟ್ಟಿದ ಕಾಫಿ ಗಿಡಕ್ಕೆ ಒಂದು ಇಂಚು ಸಿಕ್ಕರೆ ಎಂಟೊಂಬತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಇಪ್ಪತ್ತು ಸೆಂಟು ಬಿದ್ದು ನಿಂತುಬಿಟ್ಟರೆ ಮಳೆ ಬರದೇ ಇದ್ದದ್ದಕ್ಕಿಂತ ಕಷ್ಟ. ಮೊಗ್ಗಿಗೆ ಎಚ್ಚರವಾಗಿರುತ್ತದೆ, ಅರಳಲು ನೀರು ಸಾಲದು. ಆಗ ಎರಡು ಮೂರು ದಿನದೊಳಗೆ ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ತಿರುಗಿಸಬೇಕು. ಸಣ್ಣ ತೋಟದವರಿಗೆ ಸ್ವಂತ ಪಂಪು, ಪೈಪು ಇರುವುದಿಲ್ಲ. ಬಾಡಿಗೆಗೆ ಕೊಡುವವನೊಬ್ಬ ಸರದಿ ಹಾಕಿಕೊಂಡು ಒಂದೇ ಸೆಟ್ಟನ್ನು ತೋಟದಿಂದ ತೋಟಕ್ಕೆ ಸಾಗಿಸುತ್ತಾನೆ. ನಮ್ಮ ಸರದಿ ಬಿಟ್ಟುಕೊಟ್ಟರೆ ಅದು ಮತ್ತೆ ನಮ್ಮ ಬೇಲಿ ದಾಟುವುದು ವಾರವೋ ಹತ್ತು ದಿನವೋ ಕಳೆದ ಮೇಲೆ.

ನನಗೆ ತೋಟವಿಲ್ಲ. ಶನಿವಾರಸಂತೆ ಕಡೆಯಿಂದ ಬಂದ ನನ್ನ ಅಪ್ಪ ನೆಲ್ಯಹುದಿಕೇರಿಯ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಪಿಕ್ಕಿಂಗ್ ಕಾಲದಲ್ಲಿ ಹಣ್ಣಿನ ತೂಕ ಬರೆಯುವುದು, ಮಳೆ ಬರೆಯುವುದು ಅವರ ಕೆಲಸ. ನಾನು ಗೋಣಿಕೊಪ್ಪಲಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟೆ. ಆಮೇಲೆ ಅದಕ್ಕೆ ಕಂಪ್ಯೂಟರು, ಪ್ರಿಂಟರು, ಆನ್‌ಲೈನ್ ಅರ್ಜಿ ಎಲ್ಲ ಸೇರಿಕೊಂಡವು. ಇಪ್ಪತ್ತು ವರ್ಷ ಊರಿನವರ ಆಧಾರ್ ಕಾರ್ಡು, ಮದುವೆ ಕಾಗದ, ಮಕ್ಕಳ ಪ್ರಾಜೆಕ್ಟು ಮುದ್ರಿಸಿ ನನಗೆ ಸಾಕಾಗಿತ್ತು. ಹಾಳೆಯ ಮೇಲೆ ನನ್ನದು ಎನ್ನುವಂಥದ್ದು ಒಂದಾದರೂ ಬರಲಿ ಎಂಬ ಆಸೆ ಒಳಗೊಳಗೇ ತಿನ್ನುತ್ತಿತ್ತು. ಆಗ ಹೊಳೆದದ್ದು ಮಳೆಯ ಆ್ಯಪ್. ಪ್ರತಿ ಮನೆಯವರೂ ಅಳೆದ ಮಳೆಯನ್ನು ಫೋನಿನಲ್ಲಿ ಹಾಕಬೇಕು, ಎಲ್ಲರ ಮಳೆಯನ್ನೂ ಎಲ್ಲರೂ ನೋಡಬೇಕು.

‘ಏನ್ರೀ, ಮಳೆ ಬಿದ್ದದ್ದು ಕಣ್ಣಿಗೆ ಕಾಣಲ್ವಾ? ಅದನ್ನ ಫೋನಲ್ಲಿ ಬೇರೆ ನೋಡ್ಬೇಕಾ?’ ಎಂದು ನನ್ನ ಹೆಂಡತಿ ಕೇಳಿದಳು. ಅವಳು ಕೇಳಿದ ಧಾಟಿಗೆ ನನಗೆ ಸಿಟ್ಟು ಬಂತು. ಪ್ರಶ್ನೆ ಸರಿಯಾಗಿತ್ತು, ಅದಕ್ಕೇ ಬಂತು.

ನಮ್ಮ ಅಂಗಡಿಗೆ ನೋಟ್ಸು ಪ್ರಿಂಟ್ ಮಾಡಿಸಲು ಬರುತ್ತಿದ್ದ ಒಬ್ಬ ಮೇಡಂ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಅವರಿಗೆ ನನ್ನ ಯೋಚನೆ ಇಷ್ಟವಾಯಿತು. ಬೇಸಿಗೆ ರಜೆಯಲ್ಲಿ ಕೂತು ಮಾಡಿಕೊಡುತ್ತೇನೆ ಎಂದರು. ‘ಮಾಡೋದು ಕಷ್ಟ ಅಲ್ಲ ಸಾರ್. ಯಾರಿಗೆ ಬೇಕು ಅಂತ ಮೊದಲು ಗೊತ್ತಾಗ್ಬೇಕು’ ಎಂದೂ ಸೇರಿಸಿದರು. ಮಾರ್ಚ್ ಮುಗಿಯುವುದರೊಳಗೆ ನಾನು ಅವರಿಗೆ ಹೌದು ಅಥವಾ ಇಲ್ಲ ಎಂದು ಹೇಳಬೇಕಿತ್ತು. ಹೌದಾದರೆ ಅಂಗಡಿಯನ್ನು ಹೆಂಡತಿ ನೋಡಿಕೊಳ್ಳುವುದು, ನಾನು ಪೂರ್ತಿಯಾಗಿ ಇದಕ್ಕೆ ಇಳಿಯುವುದು. ಇಲ್ಲವಾದರೆ ಸಾಯುವವರೆಗೆ ಜೆರಾಕ್ಸ್. ನನ್ನ ಲೆಕ್ಕ ಅಷ್ಟು ನೇರವಾಗಿತ್ತು.

ಯಾರಿಗೆ ಬೇಕು ಎಂದು ತಿಳಿಯಲು ಸಂತೆಯ ದಿನ ಒಂದು ಪುಸ್ತಕ ಹಿಡಿದು ಹೊರಟೆ. ಕರಿಮೆಣಸು ಮಾರಲು ಬಂದವರು, ಜೀಪಿಗೆ ಕಾಯುತ್ತಿದ್ದವರು, ಗೊಬ್ಬರದ ಅಂಗಡಿಯ ಮುಂದೆ ನಿಂತವರು, ಯಾರನ್ನೂ ಬಿಡಲಿಲ್ಲ. ‘ಒಳ್ಳೇ ಕೆಲಸ, ಮಾಡಿ’ ಎಂದರು. ‘ಎಂತ ಕೇಳೋದು ಇದ್ರಲ್ಲಿ, ನಂದೂ ಹೆಸರು ಬರ್ಕೊಳ್ಳಿ’ ಎಂದರು. ಒಬ್ಬ ಹಿರಿಯರಂತೂ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿ, ನನ್ನ ಅಪ್ಪನನ್ನು ನೆನೆದು ಕಣ್ಣು ಒರೆಸಿಕೊಂಡರು. ಪುಸ್ತಕ ತುಂಬಿತು. ನಾನು ನೆಲದ ಮೇಲೆ ಕಾಲಿಡದೆ ಮನೆಗೆ ಬಂದೆ.

ಮರುದಿನ ಮೇಡಂ ಪುಸ್ತಕವನ್ನು ತಿರುವಿ ಹಾಕಿ ಕೇಳಿದರು. ‘ಬೇಡ ಅಂದವರು ಎಷ್ಟು ಜನ ಸಾರ್?’

‘ಒಬ್ಬರೂ ಇಲ್ಲ.’

‘ಹಾಗಾದ್ರೆ ನಮಗೆ ಏನೂ ಗೊತ್ತಾಗ್ಲಿಲ್ಲ.’

ನನ್ನ ಮುಖ ಸಣ್ಣದಾಯಿತು. ಆದರೆ ನಾನೂ ಇಲ್ಲೇ ಹುಟ್ಟಿ ಬೆಳೆದವನು. ಎದುರಿಗೆ ನಿಂತ ಮನುಷ್ಯನಿಗೆ ಬೇಡ ಎಂದು ಹೇಳುವ ಅಭ್ಯಾಸ ನಮ್ಮಲ್ಲಿಲ್ಲ. ಮನೆಗೆ ಬಂದವರಿಗೆ ಒಂದು ಲೋಟ ಕಾಫಿ ಕೊಡುವ ಹಾಗೆ ಒಂದು ಹೌದನ್ನೂ ಕೊಟ್ಟು ಕಳಿಸುತ್ತೇವೆ. ಇನ್ಶೂರೆನ್ಸಿನವರು, ಮಿಕ್ಸಿ ಮಾರುವವರು, ವೋಟು ಕೇಳುವವರು ಎಲ್ಲರೂ ನಮ್ಮೂರಿನಿಂದ ನಗುತ್ತಲೇ ಹೋಗುತ್ತಾರೆ.

‘ಆ್ಯಪ್ ಇದೆ ಅಂತ್ಲೇ ಅಂದ್ಕೊಳ್ಳಿ. ಅದು ಮಾಡೋ ಕೆಲಸನ ಮಾರ್ಚ್ ತನಕ ನೀವೇ ಕೈಯಲ್ಲಿ ಮಾಡಿ. ಜನ ಏನು ಹೇಳ್ತಾರೆ ಅಂತಲ್ಲ, ಏನು ಮಾಡ್ತಾರೆ ಅಂತ ನೋಡುವ’ ಎಂದರು ಮೇಡಂ. ಹೀಗೆ ಫೆಬ್ರವರಿಯ ಆರಂಭದಲ್ಲಿ ಶುರುವಾಯಿತು ನನ್ನ ಬೆಳಗಿನ ಫೋನು. ಪುಸ್ತಕದಲ್ಲಿದ್ದ ಹೆಸರುಗಳಲ್ಲಿ ಮೂವತ್ತು ಮನೆಗಳನ್ನು ಆರಿಸಿಕೊಂಡೆ. ಆರೂವರೆಗೆ ಒಬ್ಬೊಬ್ಬರಿಗೂ ಫೋನು ಮಾಡಿ ಮಳೆ ಕೇಳಿ ಬರೆದುಕೊಳ್ಳುವುದು, ಏಳೂವರೆಗೆ ಹಾಳೆಯ ಫೋಟೋ ತೆಗೆದು ಎಲ್ಲರ ಮೊಬೈಲಿಗೂ ಕಳಿಸುವುದು.

ಎಂಥ ಬೆಳಗುಗಳು ಅವು. ಮಳೆಯನ್ನು ಬರೀ ಮಳೆಯಾಗಿ ಯಾರೂ ಹೇಳುತ್ತಿರಲಿಲ್ಲ. ಮಿಲಿಟರಿಯಿಂದ ನಿವೃತ್ತರಾದ ಒಬ್ಬರು ಸೊನ್ನೆಗೆ ಇಂಗ್ಲಿಷಿನಲ್ಲಿ ‘ನಿಲ್’ ಎಂದು ಹೇಳಿ ನಾನು ಉಸಿರು ಬಿಡುವುದರೊಳಗೆ ಫೋನು ಇಡುತ್ತಿದ್ದರು. ನೆಲ್ಯಹುದಿಕೇರಿಯ ಹೊಳೆದಂಡೆಯವರೊಬ್ಬರು ಮೊದಲು ಆನೆ ಬಂದ ದಾರಿ, ಆನೆ ಹೋದ ದಾರಿ, ಮುರಿದ ಬಾಳೆ ಎಲ್ಲ ಹೇಳಿ ಮಳೆ ಹೇಳುವುದನ್ನೇ ಮರೆಯುತ್ತಿದ್ದರು. ಶ್ರೀಮಂಗಲದ ಹತ್ತಿರ ಒಬ್ಬ ಅಕ್ಕ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ತಮ್ಮ ಸಣ್ಣ ತೋಟವನ್ನು ತಾವೇ ಮುಂದೆ ನಿಂತು ಮಾಡಿಸುವವರು. ‘ಎಂತ ಮಳೆ ಮಾರಾಯ, ಇಲ್ಲಿ ಬಿಸಿಲು ಒಂದು ಇಂಚು ಉಂಟು, ಬರ್ಕೊ’ ಎನ್ನುತ್ತಿದ್ದರು. ಆಮೇಲೆ ನನ್ನ ತಿಂಡಿ ಆಯಿತಾ ಎಂದು ಕೇಳುತ್ತಿದ್ದರು. ಅಷ್ಟು ಹೊತ್ತಿಗೆ ಯಾರದ್ದೂ ತಿಂಡಿ ಆಗಿರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದರು. ಆ ದನಿಗಳನ್ನೆಲ್ಲ ನಾನು ಎಷ್ಟು ಪ್ರೀತಿಸಿದೆ ಎಂದು ಆಗ ನನಗೆ ತಿಳಿದಿರಲಿಲ್ಲ. ನಾನು ಆಗ ಗಿರಾಕಿಗಳನ್ನು ಹುಡುಕುತ್ತಿದ್ದೆ.

ಮೊದಲ ವಾರ ಹಾಳೆ ಕಳಿಸಿದ ಕೂಡಲೇ ಹೆಬ್ಬೆರಳಿನ ಚಿತ್ರಗಳು ಸಾಲಾಗಿ ಬಂದವು. ಎರಡನೇ ವಾರಕ್ಕೆ ಅರ್ಧವಾದವು. ಮೂರನೇ ವಾರಕ್ಕೆ ಇಬ್ಬರೋ ಮೂವರೋ ಉಳಿದರು. ಇನ್ನೊಂದು ವಿಷಯವೂ ಗೊತ್ತಾಯಿತು. ಮಳೆ ಬಂದವರು ನಾನು ಮಾಡುವ ಮೊದಲೇ ಫೋನು ಮಾಡುತ್ತಿದ್ದರು. ಬಾರದವರು ಫೋನೇ ಎತ್ತುತ್ತಿರಲಿಲ್ಲ. ಪಕ್ಕದವರ ಮಳೆ ಎಲ್ಲರಿಗೂ ಬೇಕು, ತಮ್ಮ ಸೊನ್ನೆ ಮಾತ್ರ ಊರಿಗೆ ಕಾಣಬಾರದು.

ಮೇಡಂ ಇನ್ನೊಂದು ಉಪಾಯ ಹೇಳಿದರು. ‘ಒಂದು ದಿವಸ ಕಳಿಸ್ಬೇಡಿ. ಯಾರು ಕೇಳ್ತಾರೆ ನೋಡಿ. ಬೇಕಾದವರು ಸುಮ್ನಿರಲ್ಲ.’ ಮಾರ್ಚ್ ಮೊದಲ ವಾರದ ಒಂದು ದಿನ ನಾನು ಯಾರಿಗೂ ಫೋನು ಮಾಡಲಿಲ್ಲ, ಏನೂ ಕಳಿಸಲಿಲ್ಲ. ಫೋನನ್ನು ಎದುರಿಗಿಟ್ಟುಕೊಂಡು ಮಧ್ಯಾಹ್ನದವರೆಗೂ ಕೂತೆ. ಮೂರು ಕರೆ ಬಂದವು. ಹುಷಾರಿಲ್ವಾ ಎಂದು ಕೇಳಲು ಒಂದು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳಲು ಒಂದು. ಮೂರನೆಯದು ಶ್ರೀಮಂಗಲದ ಅಕ್ಕನದು. ಜ್ವರವಾದರೆ ಕಾಳುಮೆಣಸಿನ ಕಷಾಯ ಹೇಗೆ ಮಾಡಬೇಕು ಎಂದು ಅವರು ನನ್ನ ಹೆಂಡತಿಗೆ ವಿವರಿಸಿದರು. ಮಳೆ ಎಷ್ಟು ಎಂದು ಯಾರೊಬ್ಬರೂ ಕೇಳಲಿಲ್ಲ. ಆ ದಿನದ ಕೊನೆಗೆ ನನ್ನ ಪರೀಕ್ಷೆಯ ಫಲಿತಾಂಶ ಸೊನ್ನೆ ಎಂದು ಬರೆದುಕೊಂಡೆ.

ಆಮೇಲೆ ನನಗೆ ಆಸಕ್ತಿ ಹೋಯಿತು. ಹೋಯಿತು ಎನ್ನುವುದಕ್ಕಿಂತ ಮುನಿಸಿಕೊಂಡೆ ಎನ್ನುವುದೇ ಸರಿ. ಮಾರ್ಚ್ ಮುಗಿಯುವವರೆಗೆ ಮಾಡುತ್ತೇನೆಂದು ಮೇಡಂಗೆ ಮಾತು ಕೊಟ್ಟಿದ್ದೆನಲ್ಲ, ಹಾಗಾಗಿ ಕಾಟಾಚಾರಕ್ಕೆ ಮುಂದುವರಿಸಿದೆ. ಯಾರೂ ನೋಡದ ಹಾಳೆಗೆ ಇಷ್ಟು ಸಾಕು ಎಂದು ಅಕ್ಷರವೂ ಸೊಟ್ಟಗಾಯಿತು.

ಒಂದು ವಾರ ಕಳೆದಿರಬಹುದು. ಸಂಜೆ ಗುಡುಗಿ ಮಿಂಚಿ, ಆ ವರ್ಷದ ಮೊದಲ ದೊಡ್ಡ ಮಳೆ ಬಂತು. ಬೆಳಿಗ್ಗೆ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಶ್ರೀಮಂಗಲದ ಅಕ್ಕನ ಫೋನು ಮಾತ್ರ ಸ್ವಿಚ್ ಆಫ್. ಹಿಂದಿನ ಸಂಜೆಯಿಂದ ಆ ಕಡೆ ಕರೆಂಟು ಇರಲಿಲ್ಲವಂತೆ. ಅವರ ತೋಟದ ಈ ಕಡೆಯ ಮನೆಯವರು ಒಂದು ಇಂಚು ಐದು ಸೆಂಟು ಎಂದಿದ್ದರು. ಆ ಕಡೆಯವರು ಒಂದು ಇಂಚು ಹದಿನೈದು ಸೆಂಟು ಎಂದಿದ್ದರು. ಗಂಟೆ ಏಳೂವರೆ ದಾಟಿತ್ತು. ಹೆಂಡತಿ ಅಂಗಡಿಯ ಬೀಗದ ಕೈ ಕೇಳುತ್ತಿದ್ದಳು. ನಾನು ಎರಡನ್ನೂ ಕೂಡಿಸಿ ಅರ್ಧ ಮಾಡಿ, ಅಕ್ಕನ ಮನೆಯ ಎದುರು ಒಂದು ಇಂಚು ಹತ್ತು ಸೆಂಟು ಎಂದು ಬರೆದು ಕಳಿಸಿಬಿಟ್ಟೆ.

ಮಳೆ ರಸ್ತೆಯ ಈ ಬದಿಗೆ ಹೊಯ್ದು ಆ ಬದಿಯನ್ನು ಒಣಗಿಸಿ ಹೋಗುವುದನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ನಾನು ಬಲ್ಲೆ. ಅಪ್ಪ ರೈಟರ್ ಆಗಿದ್ದಾಗ ಒಮ್ಮೆ ಆಳುಗಳ ಲೈನುಮನೆಯ ನಾಯಿ ರೈನ್‌ಗೇಜನ್ನು ಉರುಳಿಸಿ ನೀರೆಲ್ಲ ಚೆಲ್ಲಿತ್ತು. ಅಪ್ಪ ಆ ದಿನದ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದರು. ಅಂದಾಜಿಗೆ ಏನಾದರೂ ಹಾಕಬಾರದಾ ಎಂದು ಮ್ಯಾನೇಜರು ರೇಗಿದರು. ‘ನೋಡ್ದೇ ಇರೋದನ್ನ ಹೆಂಗ್ ಬರೀಲಿ ಸಾರ್?’ ಎಂದು ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಅವರ ಲುಂಗಿಯ ಅಂಚು ಹಿಡಿದು ನಾನೂ ಅಲ್ಲೇ ನಿಂತಿದ್ದೆ. ಅಷ್ಟೆಲ್ಲ ನೆನಪಿದ್ದವನೇ ಆ ಬೆಳಿಗ್ಗೆ ಅಂಕಿ ಬರೆದದ್ದು.

ಹತ್ತು ಹನ್ನೊಂದು ದಿನ ಕಳೆದು ಅಂಗಡಿಗೆ ಒಬ್ಬ ಮೇಷ್ಟ್ರು ಬಂದರು. ಗೋಣಿಕೊಪ್ಪಲಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುವವರು, ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಲು ಯಾವಾಗಲೂ ಬರುವವರು. ಶ್ರೀಮಂಗಲದ ಕಡೆ ಅವರಿಗೆ ತೋಟವಿದೆ, ರಜೆಯ ದಿನ ಮಾತ್ರ ಹೋಗಿ ಬರುತ್ತಾರೆ ಎಂದಷ್ಟೇ ನನಗೆ ಗೊತ್ತಿತ್ತು. ನನ್ನ ಮೂವತ್ತು ಮನೆಗಳಲ್ಲಿ ಅವರದಿರಲಿಲ್ಲ. ಅವರು ಪೇಪರಿನಲ್ಲಿ ಸುತ್ತಿದ್ದ ಒಂದು ಕಾಫಿ ರೆಂಬೆಯನ್ನು ಗಾಜಿನ ಮೇಜಿನ ಮೇಲೆ ಬಿಚ್ಚಿಟ್ಟರು. ಗೆಣ್ಣಿನ ತುಂಬ ಮೊಗ್ಗು. ಒಂದೂ ಅರಳಿರಲಿಲ್ಲ. ತುದಿ ಸ್ವಲ್ಪ ಬಿರಿದು ಹಾಗೇ ಕಂದಿಹೋಗಿದ್ದವು.

‘ದೊಡ್ಡ ಮಳೆ ಆದ ಮರುದಿನ ಪಂಪಿನ ಸರದಿ ನಂದಿತ್ತು. ನಿಮ್ಮ ಹಾಳೆಯಲ್ಲಿ ಪಕ್ಕದ ಮನೆಗೆ ಒಂದು ಇಂಚು ಹತ್ತು ಸೆಂಟು ಅಂತ ನೋಡಿದೆ. ಅವರಿಗೂ ನಮಗೂ ಮಧ್ಯೆ ಒಂದು ಬೇಲಿ ಅಷ್ಟೇ. ಅಷ್ಟು ಬಂದ್ರೆ ಸಾಕಲ್ಲ ಅಂತ ಸೆಟ್ಟನ್ನ ಮುಂದಿನವರಿಗೆ ಬಿಟ್ಟುಕೊಟ್ಟೆ’ ಎಂದರು. ಪಕ್ಕದ ಮನೆಯೆಂದರೆ ಅಕ್ಕನ ಮನೆ.

‘ಹಾಳೆ ನಿಮಗೆ ಹೇಗೆ ಸಿಕ್ತು ಸಾರ್?’

‘ನಮ್ಮ ಸ್ಕೂಲಲ್ಲಿ ಒಬ್ಬರಿಗೆ ಬರ್ತದಲ್ಲ, ಅವರು ದಿನಾ ನಂಗೆ ಕಳಿಸ್ತಾರೆ. ಮೊದಲನೇ ದಿನದಿಂದ ನೋಡ್ತಾ ಇದ್ದೇನೆ, ಒಂದು ದಿವಸ ಬಿಟ್ಟಿಲ್ಲ. ಮಧ್ಯೆ ಒಂದು ದಿವಸ ಬರ್ಲಿಲ್ಲ ನೋಡಿ, ಆವತ್ತು ರಜೆ ಹಾಕಿ ನಾನೇ ತೋಟಕ್ಕೆ ಹೋಗಿ ಬಂದೆ.’

ಫೋನು ಎದುರಿಗಿಟ್ಟುಕೊಂಡು ನಾನು ಸೊನ್ನೆ ಬರೆದ ದಿನ ಈ ಮನುಷ್ಯ ಕೆಲಸಕ್ಕೆ ರಜೆ ಹಾಕಿ ಬಸ್ಸು ಹತ್ತಿದ್ದರು. ಅಕ್ಕನಿಗೇ ಒಂದು ಫೋನು ಮಾಡಿ ಕೇಳಬಹುದಿತ್ತಲ್ಲ ಎಂದು ಕೊನೆಗೆ ಕೇಳಿದೆ.

‘ಆರು ವರ್ಷ ಆಯ್ತು ಮಾತು ಬಿಟ್ಟು. ಬೇಲಿ ವಿಷಯ. ಕೇಳೋ ಹಾಗಿದ್ರೆ ನಿಮ್ಮ ಹಾಳೆ ನಂಗೆ ಎಂತಕ್ಕೆ?’ ಎಂದರು ಮೇಷ್ಟ್ರು. ಆಮೇಲೆ ದನಿ ತಗ್ಗಿಸಿದರು. ‘ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಕೋಬೇಡಿ. ನಾನು ಬಿಟ್ಟ ಸೆಟ್ಟು ಹೋದದ್ದು ಅವರ ತೋಟಕ್ಕೇ. ಬೇಕೂಂತ್ಲೇ ಜಾಸ್ತಿ ಹೇಳಿದ್ರಾ ಅವರು?’

ಸುಮ್ಮನಿದ್ದರೆ ಸಾಕಿತ್ತು. ಆರು ವರ್ಷದ ಸಿಟ್ಟಿಗೆ ಇನ್ನೊಂದು ಕಾರಣ ಸೇರುತ್ತಿತ್ತು, ನನ್ನ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಸುಮ್ಮನಿರುವ ಯೋಚನೆ ಬಂದೇ ಬಂತು. ಆಮೇಲೆ ಕಷಾಯ ಹೇಳಿಕೊಟ್ಟ ಆ ದನಿ ನೆನಪಾಯಿತು.

‘ಅವರು ಹೇಳೇ ಇಲ್ಲ ಸಾರ್. ಆವತ್ತು ಅವರ ಫೋನ್ ಆಫ್ ಆಗಿತ್ತು. ನಾನೇ ಅಂದಾಜಲ್ಲಿ ಬರ್ದೆ.’

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಖಾಲಿ ಬಿಟ್ಟಿದ್ರೂ ನಾನು ಹೋಗಿ ನೋಡ್ತಿದ್ದೆ’ ಎಂದರು. ಪ್ರಶ್ನೆಪತ್ರಿಕೆಗಳನ್ನು ಎಣಿಸಿಕೊಂಡು ಬ್ಯಾಗಿಗೆ ಹಾಕಿಕೊಂಡರು. ಮೆಟ್ಟಿಲು ಇಳಿಯುತ್ತ ತಿರುಗಿ, ‘ನಾಳೆ ಕಳಿಸ್ತೀರಲ್ಲ?’ ಎಂದು ಕೇಳಿದರು.

ಮರುದಿನ ಹಾಳೆ ಕಳಿಸಿ, ಆಮೇಲೆ ಸಿಕ್ಕಿದ ಮೊದಲ ಬಸ್ಸಿಗೆ ಶ್ರೀಮಂಗಲಕ್ಕೆ ಹೋದೆ. ಅಕ್ಕನ ಹೆಸರಿನಲ್ಲಿ ಸುಳ್ಳು ಹೇಳಿದವನು ನಾನು. ಅವರಿಗೆ ಬೇರೆ ಯಾರ ಬಾಯಿಂದಲೂ ಅದು ಗೊತ್ತಾಗಬಾರದಿತ್ತು. ಅಕ್ಕ ನನ್ನನ್ನು ಕೂರಿಸಿ ಕಾಫಿ ಕೊಟ್ಟರು, ಪುಟ್ಟು ಬಡಿಸಿದರು. ತಿಂದು ಮುಗಿಸುವವರೆಗೆ ಬಂದ ವಿಷಯ ಕೇಳಲಿಲ್ಲ. ನಾನು ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ.

‘ಆವತ್ತು ಸಂಜೆ ಕರೆಂಟು ಬಂದಾಗ್ಲೇ ಹಾಳೆ ನೋಡಿದೆ. ನಮ್ಮಲ್ಲಿ ಬಂದದ್ದು ಇಪ್ಪತ್ತೆರಡು ಸೆಂಟು’ ಎಂದರು.

‘ಹೇಳ್ಬಾರ್ದಿತ್ತಾ ಅಕ್ಕ?’

‘ಹೇಗೆ ಹೇಳೋದು ಮಾರಾಯ? ಅಷ್ಟು ಕಷ್ಟಪಟ್ಟು ಮಾಡ್ತಾ ಇದ್ದೀಯ. ತಪ್ಪು ಅಂದ್ರೆ ನಿಂಗೆ ಬೇಜಾರಾಗ್ತದೆ ಅಂತ ಸುಮ್ಮನಾದೆ.’ ಆಮೇಲೆ ಅವರೇ ಮೆಲ್ಲಗೆ ಕೇಳಿದರು. ‘ಯಾಕೆ? ಎಂತ ಆಯ್ತು?’

ಮೇಷ್ಟ್ರ ರೆಂಬೆಯ ಕಥೆ ಹೇಳಿದೆ. ಅಕ್ಕ ಎದ್ದು ಹೋಗಿ ಜಗಲಿಯ ತುದಿಯಲ್ಲಿ ನಿಂತರು. ಅವರ ತೋಟ ಹೂವು ಮುಗಿಸಿ ಹಸಿರಾಗಿ ನಿಂತಿತ್ತು. ಬೇಲಿಯ ಆಚೆಯದನ್ನು ಅಲ್ಲಿಂದ ನೋಡಬಹುದಿತ್ತು. ‘ಸರದಿ ಬಿಟ್ಟುಕೊಟ್ರು ಅಂದಾಗ, ಆ ಬದಿಗೆ ಚೆನ್ನಾಗಿ ಹೊಯ್ದಿರ್ಬೇಕು ಅಂದ್ಕೊಂಡೆ. ಕೇಳೋಣ ಅಂದ್ರೆ ಮಾತಿಲ್ಲ’ ಎಂದರು. ಒಳಗೆ ಹೋಗಿ ಫೋನು ತಂದು ‘ಅವರ ನಂಬರ್ ಕೊಡು’ ಎಂದರು.

ಎರಡು ದಿನದ ಮೇಲೆ ಸಣ್ಣ ಮಳೆಯಾಯಿತು. ಬೆಳಿಗ್ಗೆ ಮೊದಲ ಫೋನನ್ನು ಅಕ್ಕನಿಗೇ ಮಾಡಿದೆ. ‘ಮೂವತ್ತು ಸೆಂಟು. ಮೇಷ್ಟ್ರಿಗೆ ಆಗ್ಲೇ ಹೇಳಿ ಆಯ್ತು. ಈಗಷ್ಟೇ ಫೋನ್ ಇಟ್ರು. ಪಂಪಿಗೆ ಇಬ್ರೂ ಸೇರಿ ಹೇಳಿದ್ದೇವೆ’ ಎಂದರು. ನನ್ನ ತಿಂಡಿ ಆಯಿತಾ ಎಂದು ಕೇಳುವುದನ್ನು ಆ ದಿನ ಮರೆತರು.

ಮಾರ್ಚ್ ಕೊನೆಗೆ ಮೇಡಂ ನೋಟ್ಸು ಹಿಡಿದು ಅಂಗಡಿಗೆ ಬಂದರು. ‘ಏನ್ ಸಾರ್, ಎಷ್ಟು ಜನಕ್ಕೆ ಬೇಕಂತೆ?’ ಎಂದರು.

‘ಒಬ್ಬರಿಗೆ ಬೇಕಿತ್ತು ಮೇಡಂ. ತುಂಬಾ ಬೇಕಿತ್ತು.’

‘ಈಗ?’

‘ಈಗ ಅವರಿಗೂ ಬೇಡ.’

ನಡೆದದ್ದನ್ನೆಲ್ಲ ಹೇಳಿದೆ. ಮೇಡಂ ಗೆಲುವಾದರು. ಕೇಳಲಾಗದೆ ಕೂತವರು ಅವರೊಬ್ಬರೇ ಇರಲಾರರು, ಇಂಥವರನ್ನು ಹುಡುಕಿ ಮಾಡುವ ಎಂದರು. ಅವರು ಹೇಳಿದ್ದು ಸರಿ ಇರಬೇಕು. ಆದರೆ ನಾನು ಇಲ್ಲ ಎಂದೆ. ಜನಕ್ಕೆ ಬೇಕೋ ಬೇಡವೋ ಎಂದು ಎರಡು ತಿಂಗಳು ಜನರನ್ನೇ ಪರೀಕ್ಷೆ ಮಾಡಿದೆ. ನಂಬಿದ ಒಬ್ಬ ಮನುಷ್ಯನ ಒಂದು ವರ್ಷದ ಬೆಳೆ ನನ್ನ ಕೈಯಲ್ಲಿ ಹೋಯಿತು. ಯಾರೂ ನೋಡುವುದಿಲ್ಲ ಎಂದಾಗ ನಾನು ಏನು ಬರೆಯುತ್ತೇನೆ ಎಂಬುದು ನನಗೆ ಗೊತ್ತಾಗಿಬಿಟ್ಟಿತ್ತು. ಅದನ್ನು ಮೇಡಂಗೆ ಹೇಳಲು ಬಾಯಿ ಬರಲಿಲ್ಲ. ಮಷೀನಿಗೆ ಹಾಳೆ ತುಂಬಿಸಿ, ಎಷ್ಟು ಕಾಪಿ ಬೇಕು ಎಂದು ಕೇಳಿದೆ.